ಮುಚ್ಚಿದ್ದೇವೆ, ಮೂಗು ಮುಚ್ಚಿಕೊಳ್ಳಿ

ಮುಚ್ಚುವುದರಲ್ಲಿ ನಮ್ಮವರದು ಎತ್ತಿದ ಕೈ. 2012ರಲ್ಲಿ ಬೆಂಗಳೂರಿನ ಹೊರಗಿನ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿದರು. 2014ರ ಕೊನೆಗೆ ಮಂಡೂರನ್ನೂ ಮುಚ್ಚಿದರು. ಮುಚ್ಚಿದ್ದು ಏನನ್ನು ಅಂತೀರಾ? ಗೇಟನ್ನು.

ಗೇಟಿಗೆ ಬೀಗ ಬಿದ್ದ ದಿನ ಒಳಗಿನ ಕಸವೇನೂ ರಾಜೀನಾಮೆ ಕೊಡಲಿಲ್ಲ. ಕಸ ಕೊಳೆಯುತ್ತಲೇ ಇರುತ್ತದೆ, ಮಿಥೇನ್ ಬಿಡುತ್ತಲೇ ಇರುತ್ತದೆ. ಮಳೆ ಬಿದ್ದಾಗಲೆಲ್ಲ ಬುಡದಿಂದ ಸ್ಟ್ರಾಂಗ್ ಡಿಕಾಕ್ಷನ್ ಇಳಿಸುತ್ತದೆ. ಎಂಜಿನಿಯರುಗಳ ಬಾಯಲ್ಲಿ ಅದು ಲೀಚೇಟ್. ಊರವರ ಬಾಯಲ್ಲಿ ಕಸದ ನೀರು. ಫಿಲ್ಟರಿನ ಕೆಳಗೆ ಲೋಟ ಇಟ್ಟವರು ಮಾತ್ರ ಊರವರೇ.

ಮುಚ್ಚುವುದು ಅಂದರೇನು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲಿ ಅಳತೆ ಸಮೇತ ಬರೆದಿದ್ದರು. ನೀರಿಳಿಯದ ಜೇಡಿಮಣ್ಣು 60 ಸೆಂ.ಮೀ. ಅದರ ಮೇಲೆ ನೀರು ಬಸಿದುಹೋಗಲು 15 ಸೆಂ.ಮೀ. ಪದರ. ಅದರ ಮೇಲೆ ಗಿಡ ಬೆಳೆಯಲು 45 ಸೆಂ.ಮೀ. ಮಣ್ಣು. ಆಮೇಲೆ ಕನಿಷ್ಠ 15 ವರ್ಷ ಕಾವಲು. ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಮಳೆ ನಿಂತ ಮೇಲೆ ಪರೀಕ್ಷಿಸಬೇಕು.

ಹದಿನೈದು ವರ್ಷವಂತೆ! ಒಬ್ಬ ಸಾಹೇಬರು ಒಂದೇ ಕುರ್ಚಿಯಲ್ಲಿ ಹದಿನೈದು ತಿಂಗಳು ಕೂತರೆ ನಮ್ಮಲ್ಲಿ ಸುದ್ದಿ. ಟೆಂಡರ್ ಮುಗಿಯುತ್ತದೆ. ಫೈಲು ಬೀರು ಬದಲಿಸುತ್ತದೆ. 2025ರಲ್ಲಿ ಪಾಲಿಕೆಯೇ ಒಂದಿದ್ದದ್ದು ಐದಾಯಿತು. ಬೋರ್ಡ್ ಬರೆಯುವವರಿಗೆ ಕೈತುಂಬ ಕೆಲಸ. ಕೊಳವೆಬಾವಿಯ ನೀರನ್ನು ಬಾಟಲಿಗೆ ಹಿಡಿದು ಲ್ಯಾಬಿಗೆ ಒಯ್ಯುವ ಹುಡುಗ ಯಾರ ಕಡೆಯವನು? ಮುಚ್ಚುವುದಕ್ಕೂ ಮುಚ್ಚಿಹಾಕುವುದಕ್ಕೂ ಕನ್ನಡದಲ್ಲಿ ಒಂದಿಷ್ಟು ಅಂತರವಿದೆ. ಕಚೇರಿಯಲ್ಲಿ ಅದೂ ಇಲ್ಲ.

ಈಗಿನ ಮಂತ್ರ ಬಯೋಮೈನಿಂಗ್. ಹಳೇ ಕಸ ಅಗೆಯುವುದು, ಜರಡಿ ಹಿಡಿಯುವುದು, ಮಣ್ಣು ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ. ಒಳ್ಳೆಯ ಕೆಲಸವೇ, ಬೇಡ ಅಂದವರಾರು? ಗುಡ್ಡ ಕಣ್ಣಿಗೆ ಕಾಣುತ್ತದೆ. ಜೆಸಿಬಿ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳಬಹುದು. ಆದರೆ ನೆಲದೊಳಗೆ ಇಳಿದುಹೋದದ್ದನ್ನು ಯಾವ ಜರಡಿಯೂ ಹಿಡಿಯುವುದಿಲ್ಲ. ಅದಕ್ಕೆ ಟೇಪು ಕತ್ತರಿಸುವ ಕಾರ್ಯಕ್ರಮವೂ ಇಲ್ಲ.

ನಾವೇನು ಸಾಚಾಗಳೇ? 2014ರಲ್ಲಿ ಮಂಡೂರಿನವರು ಸಾಕಪ್ಪಾ ಸಾಕು ಅಂತ ಬೀದಿಗೆ ಬಂದಾಗ ನಗರದ ನಾವು ಮರುಗಿದ್ದು ನಮ್ಮ ಗಲ್ಲಿಯಲ್ಲಿ ಎತ್ತದೆ ಬಿದ್ದಿದ್ದ ಕಸಕ್ಕೆ. ಮಾವಳ್ಳಿಪುರದ ಗೇಟು ಮುಚ್ಚಿದಾಗ ಮಂಡೂರು ಇತ್ತು. ಮಂಡೂರು ಮುಚ್ಚಿದ ಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳಿದ್ದವು. ಸುತ್ತ ಹಳ್ಳಿಗಳು ಇನ್ನೂ ಉಳಿದಿವೆ ಎನ್ನುವುದೇ ಬೆಂಗಳೂರಿನ ಕಸದ ನೀತಿ. ಮನೆಯಲ್ಲಿ ಹಸಿ ಕಸ, ಒಣ ಕಸ ಒಂದೇ ಕವರಿಗೆ ತುಂಬಿ ಗಂಟು ಹಾಕುವ ಕೈಯಲ್ಲೇ ಪರಿಸರ ದಿನದ ಫಾರ್ವರ್ಡ್ ಕಳಿಸುತ್ತೇವೆ.

ಬೀಗ ಬಿದ್ದ ದಿನದಿಂದ ಎಣಿಸಿದರೆ ಮಾವಳ್ಳಿಪುರಕ್ಕೆ ಹದಿನೈದು ವರ್ಷ ತುಂಬುವುದು 2027ಕ್ಕೆ, ಮಂಡೂರಿಗೆ 2029ಕ್ಕೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತೇ ರೂಪಾಯಿ. ಮೂರೂ ಕಾಲದ ನೀರಿನ ವರದಿ, ವರ್ಷವಾರು ಕೊಡಿ ಅಂತ ಒಂದು ಅರ್ಜಿ ಹಾಕಿ ನೋಡಿ. ಉತ್ತರ ಬಂದರೆ ನನಗೂ ಒಂದು ಜೆರಾಕ್ಸ್ ಕಳಿಸಿ.