ಒನ್ಸ್‌ಮೋರಣ್ಣ

ಊರು ಗುಬ್ಬಿ. ವಯಸ್ಸು ಅರವತ್ತರ ಆಚೆ. ಬೇರೆ ಹೆಸರೂ ಇದೆ, ಆದರೆ ಅದು ರೇಷನ್ ಕಾರ್ಡಿನಲ್ಲಿ ಮಾತ್ರ. ತುಮಕೂರು ಸೀಮೆಯಲ್ಲಿ ಎಲ್ಲಿ ಬಯಲಲ್ಲಿ ಹಾರ್ಮೋನಿಯಂ ಬಿಚ್ಚಿದರೂ ಅಲ್ಲಿ ಹಾಜರಿರುವ ಇವರನ್ನು ನಾವೆಲ್ಲ ಕರೆಯುವುದು ಒನ್ಸ್‌ಮೋರಣ್ಣ ಎಂದೇ.

ಆರೂವರೆಗೆ ಸುಗಮ ಸಂಗೀತ ಎಂದು ಕರಪತ್ರದಲ್ಲಿದ್ದರೆ ಅಣ್ಣ ನಾಲ್ಕಕ್ಕೇ ತುಮಕೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ. ಶಾಮಿಯಾನದವನು ಇನ್ನೂ ಗೂಟ ಹೊಡೆಯುತ್ತಿರುತ್ತಾನೆ. ಕುರ್ಚಿ ಇಳಿಸಲು ಇವರೂ ಕೈ ಹಾಕುತ್ತಾರೆ. ಸೇವೆ ಎಂದುಕೊಳ್ಳಬೇಡಿ. ಇಳಿಸಿದ ಮೇಲೆ ನಾಲ್ಕನೇ ಸಾಲಿನ ನಡುವೆ ಮೂರು ಕುರ್ಚಿಗೆ ಒಂದೇ ಹಸಿರು ಟವೆಲ್ಲು ಹಾಸುತ್ತಾರೆ. ಮೊದಲ ಮೂರು ಸಾಲು ಸನ್ಮಾನಿತರಿಗೆ ಮತ್ತು ಸನ್ಮಾನಿತರ ಬೀಗರಿಗೆ ಎಂಬುದು ಅವರ ಅನುಭವದ ಮಾತು. ಚೀಲದಲ್ಲಿ ಮಫ್ಲರು, ಕಡಲೆಕಾಯಿ, ಚೀಟಿ ಬರೆಯಲು ಮೊಮ್ಮಗನ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಎರಡು ಪೆನ್ನು.

ದೈವ ಒಂದೇ: ಸಿ. ಅಶ್ವತ್ಥ್. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅವರ ‘ಕನ್ನಡವೇ ಸತ್ಯ’ ಗಾಯನಕ್ಕೆ ಅಣ್ಣ ಹೋಗಿದ್ದರು. ನಿಂತ ಜಾಗದಿಂದ ಅಶ್ವತ್ಥ್ ಹೆಬ್ಬೆರಳಿನಷ್ಟು ಕಂಡರಂತೆ. ಜನ ಎಷ್ಟಿದ್ದರು ಎಂದು ಕೇಳಿದರೆ ವರ್ಷಕ್ಕೊಂದು ಲೆಕ್ಕ ಹೇಳುತ್ತಾರೆ, ಪ್ರತಿ ಸಲವೂ ಹೋದ ವರ್ಷಕ್ಕಿಂತ ಜಾಸ್ತಿ. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29, ತೀರಿಕೊಂಡದ್ದು 2009ರ ಡಿಸೆಂಬರ್ 29. "ನೋಡಿ ಸಾರ್, ಎಪ್ಪತ್ತು ವರ್ಷದ ಆವರ್ತನ ಮುಗಿಸಿ ಸಮಕ್ಕೇ ಬಂದು ನಿಂತ್ರು" ಎಂದು ಹೇಳುವಾಗ ಅಣ್ಣನ ಕಣ್ಣು ಒದ್ದೆ. ಅಂದಿನಿಂದ ಯಾರು ಹಾಡಿದರೂ ಇವರ ತೀರ್ಪು ಒಂದೇ: "ಪರವಾಗಿಲ್ಲ."

ಮೊನ್ನೆ ಆ ಟವೆಲ್ಲಿನ ಮೂರನೇ ಕುರ್ಚಿ ನನ್ನ ಪಾಲಿಗೆ ಬಂತು. ಪೇಟ, ಹಾರ, ಫಲತಾಂಬೂಲ, "ಸಮಯದ ಅಭಾವದಿಂದ ಎರಡೇ ಮಾತು" ಎಂದವರ ಇಪ್ಪತ್ತು ನಿಮಿಷ. ಎಂಟೂಕಾಲಕ್ಕೆ ಗಾಯಕರು ಮೈಕು ಹಿಡಿದರು. ನಾನು ಕಿವಿ ನಿಮಿರಿಸಿದೆ. ಕೇಳಿಸಿದ್ದು ಅಣ್ಣನ ದನಿ. ಗಾಯಕರಿಗಿಂತ ಅರ್ಧ ಮಾತ್ರೆ ಮುಂದೆ, ಒಂದು ಸ್ವರ ಕೆಳಗೆ. ಪಲ್ಲವಿಯನ್ನು ಅವರು ಎತ್ತುವ ಮೊದಲೇ ಇವರು ಮುಗಿಸಿರುತ್ತಿದ್ದರು. ಹಿಂದಿನಿಂದ ಒಬ್ಬರು "ಸ್ವಲ್ಪ ಸುಮ್ಕಿರಿ ಯಜಮಾನ್ರೇ" ಎಂದರೆ, ಪ್ರೋತ್ಸಾಹವೆಂದು ತಿಳಿದು ತಿರುಗಿ ಕೈಮುಗಿದರು.

ಹಾಡು ಮುಗಿಯಿತೋ ಇಲ್ಲವೋ ಎದ್ದು ನಿಂತು "ಒನ್ಸ್ ಮೋರ್!" ಇದು ಪಿತ್ರಾರ್ಜಿತ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಊರು ತಾನೇ? "ನಮ್ ತಾತ ವೀರಣ್ಣನೋರ ನಾಟಕದಲ್ಲಿ ಒನ್ಸ್ ಮೋರ್ ಅಂದ್ರೆ ಸತ್ತ್ ಬಿದ್ದಿದ್ ಪಾತ್ರ ಎದ್ದು, ಇನ್ನೊಂದ್ಸಲ ಹಾಡಿ ಸಾಯ್ತಿತ್ತು ಕಣ್ರೀ." ಈ ಗಾಯಕರು ಪುಣ್ಯಕ್ಕೆ ಬದುಕಿದ್ದರು, ಹಾಗಾಗಿ ನಕ್ಕು ಸುಮ್ಮನಾದರು.

ಅಣ್ಣನಿಗೆ ಶತ್ರುಪಕ್ಷವೊಂದಿದೆ: ಕುಣಿಗಲ್‌ನವರು. ಯಾರ ಕಛೇರಿಯಾದರೂ ಸರಿ, ಬಲಗಡೆ ಮೂಲೆಯಿಂದ ಅವರ ಕೆರೆಯ ಜಾನಪದ ಗೀತೆಗೆ ಬೇಡಿಕೆ ಏಳುತ್ತದೆ. "ಕೆರೆ ಇರೋದು ಅವರೂರಲ್ಲಿ, ಕೇಳಬೇಕಾದವರು ನಾವಾ?" ಎಂದು ಗೊಣಗಿ ಅಣ್ಣ ಶರೀಫರ ಪದಕ್ಕೆ ಚೀಟಿ ಬರೆದರು. ಚೀಟಿ ಕೈಯಿಂದ ಕೈಗೆ ಸಾಗಿತು. ನಡುವೆ ಯಾರೋ ಅದರಲ್ಲಿ ಕಡಲೆಕಾಯಿ ಸಿಪ್ಪೆ ಕಟ್ಟಿದರೆಂದು ಅವರು ಎರಡನೆಯದು ಬರೆದರು, ಅನುಮಾನಕ್ಕೆ ಮೂರನೆಯದನ್ನೂ.

ಒಂಬತ್ತು ಮುಕ್ಕಾಲು. ಹತ್ತರ ಮೇಲೆ ಧ್ವನಿವರ್ಧಕ ಇಲ್ಲವೆಂದು ಪೊಲೀಸಿನವರು ವೇದಿಕೆಯ ಪಕ್ಕ ಗಡಿಯಾರ ನೋಡಿಕೊಂಡು ನಿಂತರು. ಅಣ್ಣ ಮನೆಯವರಿಗೂ ಕೇಳಲಿ ಎಂದು ಫೋನು ಹಚ್ಚಿ, ಆರತಿಯ ಹಾಗೆ ಎತ್ತಿ ಹಿಡಿದು, ಸಿಗ್ನಲ್ಲಿಗೆ ಧ್ವನಿಪೆಟ್ಟಿಗೆಯ ಕಡೆ ನಡೆದರು. ಆಗಲೇ ಗಾಯಕರು ಚೀಟಿ ಬಿಚ್ಚಿ, "ಗುಬ್ಬಿಯಿಂದ ಬಂದಿರುವ ಹಿರಿಯ ಅಭಿಮಾನಿಯೊಬ್ಬರ ಮೂರು ಚೀಟಿ ಬಂದಿವೆ. ಎಲ್ಲಿದ್ದೀರಿ ಅಣ್ಣ? ಕೈ ಎತ್ತಿ" ಎಂದರು. ಸ್ಪೀಕರಿನ ಬುಡದಲ್ಲಿದ್ದವರಿಗೆ ಏನು ಕೇಳಿಸೀತು? ಎತ್ತಿದ್ದು ಬಲಗಡೆ ಮೂಲೆಯ ಕುಣಿಗಲ್‌ನವರೊಬ್ಬರು. ಚಪ್ಪಾಳೆಯೂ ಅವರಿಗೇ ಬಿತ್ತು.

ಹತ್ತಕ್ಕೆ ಮೈಕು ಆರಿತು. ಅಣ್ಣ ಬೆವರಿಳಿಸಿಕೊಂಡು ಬಂದು ಫೋನು ತೋರಿಸಿದರು. ಮನೆಯವರು ಹನ್ನೊಂದನೇ ಸೆಕೆಂಡಿಗೆ ಇಟ್ಟುಬಿಟ್ಟಿದ್ದರು. "ಕಾರ್ಯಕ್ರಮ ಹೆಂಗಿತ್ತಣ್ಣ?" ಎಂದೆ. "ಪರವಾಗಿಲ್ಲ" ಎಂದರು. ದನಿ ಪೂರ್ತಿ ಕಟ್ಟಿತ್ತು. ಹಾಡಿದವರದ್ದು ಚೆನ್ನಾಗೇ ಇತ್ತು.

ಮುಂದಿನ ಭಾನುವಾರ ಕುಣಿಗಲ್‌ನಲ್ಲೇ ಗಾಯನವಿದೆಯಂತೆ. ಹೋಗುವವರು ನಾಲ್ಕನೇ ಸಾಲಿನಲ್ಲಿ ಹಸಿರು ಟವೆಲ್ಲು ಕಂಡರೆ ಹತ್ತನೇ ಸಾಲಿನಲ್ಲಿ ಕೂರಿ.