ರೆಕಾರ್ಡ್ ರೂಮಿನಿಂದ ಗುರುಗಳಿಗೊಂದು ಪತ್ರ

ಇವರಿಗೆ,
ಹಿರಿಯ ಅಧಿಕಾರಿಗಳು (ಹಾಲಿ ಮತ್ತು ಮಾಜಿ),
ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಬೆಥೆಸ್ಡಾ.

ವಿಷಯ: ಕಡತ ಕಾಣೆ ಮಾಡುವ ವಿದ್ಯೆಯಲ್ಲಿ ತಮ್ಮ ಪಾಂಡಿತ್ಯವನ್ನು ಅಭಿನಂದಿಸುವ ಬಗ್ಗೆ.

ಮಾನ್ಯರೇ,

ನಾನು ತಾಲ್ಲೂಕು ಕಚೇರಿಯೊಂದರಲ್ಲಿ 34 ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಅದರಲ್ಲಿ 11 ವರ್ಷ ರೆಕಾರ್ಡ್ ರೂಮಿನಲ್ಲೇ ಕಳೆದೆ. ಯಾರಾದರೂ ರೈತರು ಹಳೇ ಕಡತದ ನಕಲು ಕೇಳಿಕೊಂಡು ಬಂದರೆ ಕನ್ನಡಕ ಹಣೆಗೇರಿಸಿ, ಮೇಲಿನ ಕಪಾಟಿನ ಕೆಂಪು ಬಟ್ಟೆಯ ಗಂಟುಗಳನ್ನೊಮ್ಮೆ ನೋಡಿ, ‘ಗೆದ್ದಲು ತಿಂದಿದೆ ಗೌಡ್ರೇ’ ಎನ್ನುತ್ತಿದ್ದೆ. ಗಂಟು ಬಿಚ್ಚುವ ಗೋಜಿಗೆ ಹೋಗುತ್ತಿರಲಿಲ್ಲ. ತಾನು ಏನೇನು ತಿಂದಿದ್ದೇನೆಂದು ಪಾಪ ಗೆದ್ದಲಿಗೂ ಗೊತ್ತಿರಲಿಲ್ಲ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲವೆಂದು ಬೀಗುತ್ತಿದ್ದೆ. 2024ರ ಮೇ ತಿಂಗಳಲ್ಲಿ ಆ ಸೊಕ್ಕು ಇಳಿಯಿತು.

ಆ ತಿಂಗಳು ಕೋವಿಡ್ ಮೂಲದ ತನಿಖೆ ನಡೆಸುತ್ತಿದ್ದ ನಿಮ್ಮ ಸಂಸತ್ತಿನ ಕೆಳಮನೆಯ ಉಪಸಮಿತಿ ನಿಮ್ಮವರ ಇಮೇಲ್‌ಗಳನ್ನು ಬೀದಿಗೆ ತಂದಿತು. ಹಿರಿಯ ಸಲಹೆಗಾರ ಡೇವಿಡ್ ಮೊರೆನ್ಸ್ ಅದರಲ್ಲೊಂದು ಕಡೆ, ಮಾಹಿತಿ ಕೇಳಿ ಅರ್ಜಿ ಬಂದ ಮೇಲೆ, ಹುಡುಕಾಟ ಶುರುವಾಗುವುದಕ್ಕೆ ಮುಂಚೆ, ಇಮೇಲ್ ಮಾಯ ಮಾಡುವುದು ಹೇಗೆಂದು ಮಾಹಿತಿ ಹಕ್ಕಿನ ಕೆಲಸ ನೋಡುವ ಹೆಣ್ಣುಮಗಳಿಂದಲೇ ಕಲಿತೆ ಎಂದು ಬರೆದುಕೊಂಡಿದ್ದಾರೆ. ಎಂಥಾ ಗುರುಶಿಷ್ಯ ಪರಂಪರೆ! ಅದನ್ನು ಇಮೇಲ್‌ನಲ್ಲೇ ಬರೆದಿಟ್ಟದ್ದೊಂದೇ ಎಡವಟ್ಟು. ನಮ್ಮಲ್ಲಿ ಇಂಥವನ್ನು ಕ್ಯಾಂಟೀನಿನಲ್ಲಿ, ಬೈಟು ಕಾಫಿ ಮುಗಿಯುವುದರೊಳಗೆ, ಬಾಯಿಮಾತಿನಲ್ಲೇ ಹೇಳಿಕೊಡುತ್ತೇವೆ.

ಅದಕ್ಕಿಂತ ನನಗೆ ಹಿಡಿಸಿದ್ದು ಡಾಲರ್ ಚಿಹ್ನೆ. ನಿಮ್ಮ ಸಾಂಕ್ರಾಮಿಕ ರೋಗ ವಿಭಾಗದ ಅಂದಿನ ಮುಖ್ಯಸ್ಥ ಆಂಥೊನಿ ಫೌಚಿ ಸಾಹೇಬರ ಕಚೇರಿಯ ಮುಖ್ಯಾಧಿಕಾರಿ ಒಬ್ಬ ವಿಜ್ಞಾನಿಯ ಹೆಸರು ಬರೆಯುವಾಗ ನಡುವಿನ ಒಂದಕ್ಷರ ತೆಗೆದು ಡಾಲರ್ ಗುರುತು ಕೂರಿಸಿದ್ದಾರೆ. ನಿಮ್ಮ ಅನುದಾನ ಪಡೆಯುತ್ತಿದ್ದ ಇಕೋಹೆಲ್ತ್ ಸಂಸ್ಥೆಯ ಹೆಸರಿನೊಳಗೆ ಇನ್ನೊಂದು ವಕ್ರಗೆರೆ. ಹುಡುಕುವ ಕಂಪ್ಯೂಟರಿಗೆ ಸಿಗದಿರಲಿ ಎಂದೇ ಹೀಗೆ ಮಾಡಿದ್ದು ಎಂಬುದು ಸಮಿತಿಯ ಗುಮಾನಿ. ಓದಿ ಕಣ್ಣು ತುಂಬಿ ಬಂತು. ನಾವೂ ಪಹಣಿಯಲ್ಲಿ ರಾಮಪ್ಪನನ್ನು ರಾಮಣ್ಣ ಮಾಡಿ ಕೂರುತ್ತಿದ್ದೆವು. ಆಧಾರ್ ಕಾರ್ಡಿನ ರಾಮಪ್ಪ, ಪಹಣಿಯ ರಾಮಣ್ಣ ಒಬ್ಬನೇ ಎಂದು ರುಜುವಾತು ಮಾಡುವುದರಲ್ಲಿ ಅವನ ಎರಡು ಬೆಳೆ ಹೋಗುತ್ತಿದ್ದವು.

ಇನ್ನು ಲೆಕ್ಕದ ವಿಚಾರ. 2014ರಲ್ಲಿ ಬಾವಲಿಗಳ ಕೊರೊನಾ ವೈರಸ್ ಅಧ್ಯಯನಕ್ಕೆಂದು ನ್ಯೂಯಾರ್ಕಿನ ಇಕೋಹೆಲ್ತ್ ಅಲಯನ್ಸ್‌ಗೆ ಅನುದಾನ ಕೊಟ್ಟಿರಿ. ಅದರಲ್ಲಿ ಸುಮಾರು 6 ಲಕ್ಷ ಡಾಲರ್ ವುಹಾನ್ ವೈರಾಣು ಸಂಸ್ಥೆಗೆ ಹರಿಯಿತು. ಅಲ್ಲಿ ಒಂದು ವೈರಸ್ಸಿನ ಬೆನ್ನಿಗೆ ಇನ್ನೊಂದರ ಮುಳ್ಳು ಕೂಡಿಸಿ, ಮನುಷ್ಯ ಜೀವಕೋಶದ ಬಾಗಿಲನ್ನು ಹೊತ್ತ ಇಲಿಗಳಿಗೆ ಹತ್ತಿಸಿದರು. ಇಲಿಗಳಿಗೆ ಕಾಯಿಲೆ ಹೆಚ್ಚೇ ಆಯಿತು. ವೈರಸ್ಸಿನ ಬೆಳವಣಿಗೆ ಮಿತಿ ಮೀರಿದರೆ ಕೂಡಲೇ ತಿಳಿಸಬೇಕೆಂಬುದು ಅನುದಾನದ ಷರತ್ತು. ತಿಳಿಸಲಿಲ್ಲ ಎಂದು ನಿಮ್ಮದೇ ಸಂಸ್ಥೆಯ ಲಾರೆನ್ಸ್ ಟಾಬಕ್ 2021ರ ಅಕ್ಟೋಬರಿನಲ್ಲಿ ಪತ್ರ ಬರೆದರು. 2019ರ ಸೆಪ್ಟೆಂಬರಿಗೆ ಸಲ್ಲಬೇಕಿದ್ದ ವರದಿ ಬಂದದ್ದು 2021ರ ಆಗಸ್ಟಿನಲ್ಲಿ. ಕಾರಣ ಕೇಳಿದರೆ, ನಿಮ್ಮ ಕಂಪ್ಯೂಟರ್ ವ್ಯವಸ್ಥೆ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂದಿತು ಇಕೋಹೆಲ್ತ್. ಅಂದರೆ ‘ಸರ್ವರ್ ಡೌನ್’. ನಮ್ಮ ನಾಡಕಚೇರಿಯ ಮಂತ್ರ ಸಾಗರ ದಾಟಿದ್ದು ನೋಡಿ ಹೆಮ್ಮೆಯಾಯಿತು.

ಆ ಇಲಿಗಳಿಗೆ ಹತ್ತಿಸಿದ ವೈರಸ್ಸುಗಳು ವಂಶದಲ್ಲಿ ಬಲು ದೂರ, ಕೋವಿಡ್ ವೈರಸ್ಸಿನ ಪೂರ್ವಜರಾಗಲು ಸಾಧ್ಯವೇ ಇಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ 2021ರ ಮೇ 11ರಂದು ಫೌಚಿ ಸಾಹೇಬರು ಸೆನೆಟ್ಟಿನಲ್ಲಿ, ವುಹಾನಿನಲ್ಲಿ ವೈರಸ್ಸಿನ ಬಲ ಹೆಚ್ಚಿಸುವ ‘ಗೇನ್ ಆಫ್ ಫಂಕ್ಷನ್’ ಸಂಶೋಧನೆಗೆ ನಾವು ಎಂದೂ ಹಣ ಕೊಟ್ಟಿಲ್ಲ ಎಂದರು. ಮೂರು ವರ್ಷ ಕಳೆದ ಮೇಲೆ ಟಾಬಕ್ ಸಾಹೇಬರು, ಅದು ವ್ಯಾಖ್ಯಾನದ ಮೇಲೆ ಹೋಗುತ್ತದೆ, ಸಾಮಾನ್ಯ ಅರ್ಥದಲ್ಲಿ ಕೇಳಿದರೆ ಹೌದು ಎಂದರು. ಇದು ನಮಗೆ ಹೊಸದಲ್ಲ. ಕೆರೆ ಒತ್ತುವರಿ ಆಗಿಲ್ಲ ಸ್ವಾಮಿ, ದಾಖಲೆಯಲ್ಲಿ ಅದು ಕೆರೆಯೇ ಅಲ್ಲ, ಖರಾಬು ಎಂದು ಟಿಪ್ಪಣಿ ಬರೆದ ಕೈ ಇದು. ಮಳೆ ಬಂದಾಗ ನೀರು ಮಾತ್ರ ಟಿಪ್ಪಣಿ ಓದದೆ ಅಲ್ಲೇ ನಿಲ್ಲುತ್ತಿತ್ತು.

ನಿಮ್ಮ ಉಗ್ರಾಣದ ಬಗ್ಗೆಯೂ ಓದಿದ್ದೇನೆ. 2014ರ ಜುಲೈನಲ್ಲಿ ನಿಮ್ಮ ಬೆಥೆಸ್ಡಾ ಆವರಣದ ಶೈತ್ಯಕೋಣೆಯೊಂದರಲ್ಲಿ 1950ರ ದಶಕದ ಪೆಟ್ಟಿಗೆ ಸಿಕ್ಕಿತು, ಒಳಗೆ ಸಿಡುಬಿನ ಸೀಸೆಗಳು. ಎರಡರಲ್ಲಿ ವೈರಸ್ ಇನ್ನೂ ಜೀವಂತ. ನಮ್ಮಜ್ಜಿ ‘ಅಮ್ಮ’ ಎಂದು ಕೈಮುಗಿದು ಬಾಗಿಲಿಗೆ ಬೇವು ಕಟ್ಟಿ ಸಾಗಹಾಕಿದ ರೋಗ ನಿಮ್ಮಲ್ಲಿ ಹಾಜರಿ ಪುಸ್ತಕವಿಲ್ಲದೆ ಮಲಗಿತ್ತು. ನಮ್ಮ ರೆಕಾರ್ಡ್ ರೂಮಿನಲ್ಲಿ ಸಿಗುವುದು ಜಿರಲೆ ಅಷ್ಟೇ.

ಚೀನಾದ ಬಂಧುಗಳನ್ನು ಬಿಟ್ಟರೆ ಪಂಕ್ತಿಭೇದವಾದೀತು. ವುಹಾನ್ ಸಂಸ್ಥೆಯ ವೈರಸ್ ದತ್ತಾಂಶದ ಬಾಗಿಲು 2019ರ ಸೆಪ್ಟೆಂಬರ್ 12ರಂದು ಹೊರಗಿನವರಿಗೆ ಮುಚ್ಚಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಡ ಕೋವಿಡ್ ಮೂಲ ಹುಡುಕಲು ವುಹಾನಿಗೆ ಹೋದಾಗ ಅದರಲ್ಲಿ ಇಕೋಹೆಲ್ತ್‌ನ ಅಧ್ಯಕ್ಷ ಪೀಟರ್ ಡಾಸ್ಜಕ್ ಅವರೂ ಇದ್ದರು. ಆಕ್ಷೇಪಣೆಗೆ ಒಳಗಾಗಬಹುದಾದ ಗುಮಾಸ್ತನೇ ಆಡಿಟ್ ಜೀಪಿನ ಮುಂದಿನ ಸೀಟಿನಲ್ಲಿ! ಅದೇ ಚೀನಾದಲ್ಲಿ 2004ರಲ್ಲಿ ಬೀಜಿಂಗಿನ ಪ್ರಯೋಗಾಲಯದಿಂದ ಸಾರ್ಸ್ ಹೊರಬಿದ್ದು, ಸೋಂಕು ತಗುಲಿದ ವಿದ್ಯಾರ್ಥಿನಿಯ ತಾಯಿ ಸತ್ತಾಗ, ರೋಗ ನಿಯಂತ್ರಣ ಕೇಂದ್ರದ ಮುಖ್ಯಸ್ಥರು ರಾಜೀನಾಮೆ ಕೊಟ್ಟಿದ್ದರು. ಆ ಹಳೇ ಪದ್ಧತಿ ಈಗ ಯಾವ ಕಪಾಟಿನಲ್ಲಿದೆಯೋ.

ನನ್ನನ್ನು ಸಂಚಿನ ಕಥೆ ಕಟ್ಟುವವರ ಪಟ್ಟಿಗೆ ಸೇರಿಸಬೇಡಿ. ನಾನು ಸೊರಬದ ಕಡೆಯವನು. ಕಾಡಿನ ಕಾಯಿಲೆ ಊರಿಗೆ ಬರುತ್ತದೆ ಎಂದು ನನಗೆ ಪಾಠ ಬೇಡ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಸತ್ತ ಮಂಗವನ್ನೂ ಉಣುಗನ್ನೂ ಹೊತ್ತೊಯ್ದು ವೈರಸ್ಸನ್ನು ಹಿಡಿದರು. ಕೋವಿಡ್ ವುಹಾನಿನ ಮಾರುಕಟ್ಟೆಯ ಪ್ರಾಣಿಗಳಿಂದಲೇ ಬಂತು ಎನ್ನುವ ವಿಜ್ಞಾನಿಗಳ ಮಾತಿನಲ್ಲಿ ಹುರುಳಿದೆ. ಪ್ರಯೋಗಾಲಯದಿಂದ ಬಂದಿರಬಹುದು ಎಂದು 2025ರ ಜನವರಿಯಲ್ಲಿ ನಿಮ್ಮ ಸಿಐಎ ಹೇಳಿತು, ‘ವಿಶ್ವಾಸ ಕಡಿಮೆ’ ಎಂಬ ಷರಾ ಸಮೇತ. ಅದೇ ವರ್ಷ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು, ಕೇಳಿದ ಮಾಹಿತಿಯನ್ನು ಚೀನಾ ಕೊಟ್ಟಿಲ್ಲ, ಎಲ್ಲ ಸಾಧ್ಯತೆಗಳೂ ಮೇಜಿನ ಮೇಲಿವೆ ಎಂದರು. ಮೇಜಿನ ಮೇಲೆ ಎಲ್ಲವೂ ಇದೆ, ಕಡತವೊಂದನ್ನು ಬಿಟ್ಟು.

ಕೊನೆಯದಾಗಿ ಕ್ಷಮಾದಾನ. ಫೌಚಿ ಸಾಹೇಬರ ಮೇಲೆ ಯಾವ ಮೊಕದ್ದಮೆಯೂ ಇರಲಿಲ್ಲ. ತಾವು ತಪ್ಪೇ ಮಾಡಿಲ್ಲವೆಂದೂ ಅವರು ಹೇಳಿದ್ದಾರೆ. ಆದರೂ 2025ರ ಜನವರಿ 20ರಂದು ಅಂದಿನ ಅಧ್ಯಕ್ಷ ಬೈಡನ್ ಕ್ಷಮೆ ಕೊಟ್ಟರು, 2014ರ ಜನವರಿ 1ರಿಂದ ಪೂರ್ವಾನ್ವಯವಾಗುವಂತೆ. ಅನುದಾನ ಹುಟ್ಟಿದ ವರ್ಷದಿಂದಲೇ! ನಾನು ಒಂದು ವಾರ್ಷಿಕ ಬಡ್ತಿಯನ್ನು ಪೂರ್ವಾನ್ವಯ ಮಾಡಿಸಿಕೊಳ್ಳಲು ನಾಲ್ಕು ವರ್ಷ ಖಜಾನೆಗೆ ಅಲೆದಿದ್ದೇನೆ.

ಇಕೋಹೆಲ್ತ್ ಸಂಸ್ಥೆಗೂ ಡಾಸ್ಜಕ್ ಅವರಿಗೂ ಸರ್ಕಾರಿ ಹಣ ಸಿಗದಂತೆ ನಿಮ್ಮ ಮೇಲಿನ ಇಲಾಖೆ ಐದು ವರ್ಷ ನಿಷೇಧ ಹಾಕಿದೆ. ಚೆಕ್ಕಿಗೆ ಸಹಿ ಹಾಕಿ, ವರದಿ ಬರಲಿಲ್ಲವೆಂದು ಸುಮಾರು ಎರಡು ವರ್ಷ ಒಂದು ಜ್ಞಾಪನ ಪತ್ರಕ್ಕೂ ಜೀವ ಕೊಡದ ಮೇಜಿನವರಿಗೆ ಏನಾಯಿತು? ಇದನ್ನೇ ಅರ್ಜಿ ಎಂದು ತಿಳಿದು ಉತ್ತರಿಸಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ನಮ್ಮ ಮಾಹಿತಿ ಹಕ್ಕು ಕಾಯ್ದೆಯಲ್ಲಿ 30 ದಿನದ ಗಡುವಿದೆ. ಗೆದ್ದಲು ತಿಂದಿದೆ ಎಂದು ಮಾತ್ರ ಬರೆಯಬೇಡಿ. ಆ ಉತ್ತರ ನನ್ನದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗುಮಾಸ್ತ