ಟೀಸಿ ಪುರಾಣ

ಅಪ್ಪ ಬಿಳಿ ಪೇಂಟಿನ ಡಬ್ಬಿ ಹಿಡಿದು ಕ್ವಾರ್ಟರ್ಸಿನ ಹಿತ್ತಿಲಿಗೆ ಹೋದರೆಂದರೆ ನಮಗೆ ಆ ಶಾಲೆಯ ಋಣ ತೀರಿತು ಎಂದೇ ಲೆಕ್ಕ. ಕಪ್ಪು ಟ್ರಂಕಿನ ಮೇಲಿದ್ದ ಹಳೇ ಊರನ್ನು ಅಳಿಸಿ, ನಂಬರು, ರ‍್ಯಾಂಕು, ಹೆಸರಿನ ಕೆಳಗೆ ಹೊಸ ಊರು ಬರೆಯುತ್ತಿದ್ದರು. ಬಿಸಿಲಿಗೆ ಓರೆಯಾಗಿ ನೋಡಿದರೆ ಅಂಬಾಲದ ಕೆಳಗೆ ಝಾನ್ಸಿ, ಅದರ ಕೆಳಗೆ ಸಿಕಂದರಾಬಾದ್ ಉಬ್ಬಿಕೊಂಡು ಕಾಣುತ್ತಿತ್ತು. ನಾವು ಓದಿದ ಶಾಲೆಗಳ ಪಟ್ಟಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಇಂಥ ಮಕ್ಕಳಿಗೆಂದೇ ಕೇಂದ್ರೀಯ ವಿದ್ಯಾಲಯಗಳಿವೆಯಲ್ಲ. 1963ರಲ್ಲಿ, ಸೈನಿಕರು ಹೆಚ್ಚಿದ್ದ ಊರುಗಳ 20 ರೆಜಿಮೆಂಟಲ್ ಶಾಲೆಗಳನ್ನು ತೆಗೆದುಕೊಂಡು ಸೆಂಟ್ರಲ್ ಸ್ಕೂಲ್ ಎಂದು ಶುರುಮಾಡಿದ್ದು. ಝಾನ್ಸಿಯಲ್ಲಿ ನಿಂತ ಪಾಠ ಅಂಬಾಲದಲ್ಲಿ ಅದೇ ಪುಟದಿಂದ ಮುಂದುವರಿಯಲಿ ಎಂಬ ಸದುದ್ದೇಶ. ಪುಸ್ತಕ ಅದೇ, ಬೆಳಗಿನ ಪ್ರಾರ್ಥನೆಯೂ ಅದೇ. ಮೇಷ್ಟ್ರು ಮಾತ್ರ ಬೇರೆ. ಒಬ್ಬರಿಗೆ ಪುಸ್ತಕದ ಮೊದಲಿನಿಂದ ಶುರುಮಾಡುವ ಅಭ್ಯಾಸ, ಇನ್ನೊಬ್ಬರಿಗೆ ತಮಗೆ ಪ್ರಿಯವಾದ ಪಾಠದಿಂದ. ಹೀಗಾಗಿ ಜ್ವಾಲಾಮುಖಿಯನ್ನು ಎರಡೂ ಊರಲ್ಲಿ ಓದಿದೆ. ದಶಾಂಶ ಯಾವ ಊರಲ್ಲೂ ಸಿಗಲಿಲ್ಲ.

ಪಾಠವಾದರೂ ಹೋಗಲಿ, ಹೆಸರಿನದು ದೊಡ್ಡ ರಗಳೆ. ನಮ್ಮ ಕಡೆ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇದ್ದರೆ ಮುಗಿಯಿತು. ಉತ್ತರದ ಗುಮಾಸ್ತರಿಗೆ ಸರ್‌ನೇಮ್ ಬೇಕೇ ಬೇಕು. ಒಬ್ಬರು ಮೊದಲ ಇನಿಷಿಯಲ್ ಬಿಡಿಸಿದರು. ನಾನು, ತಂಗಿ ಇಬ್ಬರೂ ಹೊಳೆನರಸೀಪುರ ಆದೆವು. ಹಾಜರಿ ಕೂಗುವಾಗ ಮೇಡಂ ‘ಹೋಲೇ...’ ಎಂದು ಶುರುಮಾಡಿ, ಮಧ್ಯೆ ಉಸಿರೆಳೆದುಕೊಂಡು, ‘ಪೂರ್!’ ಎಂದು ಮುಗಿಸುವ ಹೊತ್ತಿಗೆ ಇಡೀ ಕ್ಲಾಸು ಬೆಂಚಿನ ಕೆಳಗೆ ನಗುತ್ತಿತ್ತು. ಮುಂದಿನ ಶಾಲೆಯಲ್ಲಿ ಇನ್ನೊಬ್ಬ ಗುಮಾಸ್ತರು ನನ್ನ ಎರಡನೇ ಇನಿಷಿಯಲ್ ಹಿಡಿದರು. ಅಲ್ಲಿ ದಿನಾ ಬೆಳಿಗ್ಗೆ ನಮ್ಮಪ್ಪನನ್ನು ಏಕವಚನದಲ್ಲಿ ಕೂಗುತ್ತಿದ್ದರು, ನಾನು ಎದ್ದು ನಿಲ್ಲುತ್ತಿದ್ದೆ. ತಂಗಿಯ ಟೀಸಿಯಲ್ಲಿ ಊರೇ ಉಳಿಯಿತು. ಒಂದೇ ಒಲೆಯ ಅನ್ನ ತಿನ್ನುವ ನಾವಿಬ್ಬರು ಸರ್ಕಾರಿ ಕಾಗದದಲ್ಲಿ ಬೇರೆ ಬೇರೆ ವಂಶದವರಾದೆವು. ಅಮ್ಮನಿಗೆ ಇದನ್ನು ಅಕ್ಕಪಕ್ಕದವರಿಗೆ ವಿವರಿಸುವುದೇ ಕೆಲಸವಾಯಿತು.

ಅಪ್ಪನಿಗೆ ಫೀಲ್ಡ್ ಪೋಸ್ಟಿಂಗ್ ಬಂದಾಗ ಸಂಸಾರ ಜೊತೆಗಿರುವಂತಿಲ್ಲ. ನಾವು ಅಜ್ಜಿ ಮನೆಗೆ ಬಂದು ಕನ್ನಡ ಶಾಲೆ ಸೇರಿದೆವು. ಹೆಡ್‌ಮಾಸ್ಟರು ಟೀಸಿ ಕೈಗೆ ತೆಗೆದುಕೊಳ್ಳುವ ಮೊದಲೇ, ‘ತಂದೆಯವರು ರಜಕ್ಕೆ ಯಾವಾಗ ಬರ್ತಾರಮ್ಮ?’ ಎಂದು ಅಮ್ಮನನ್ನು ವಿಚಾರಿಸಿದರು. ಮಿಲಿಟರಿ ಕ್ಯಾಂಟೀನಿನ ರಮ್ಮಿಗೆ ಆಗ ಊರಲ್ಲಿದ್ದ ಮರ್ಯಾದೆ ಗೊತ್ತಿದ್ದವರಿಗೆ ಈ ಪ್ರಶ್ನೆಯ ಆಳ ತಿಳಿಯುತ್ತದೆ. ಅಡ್ಮಿಷನ್ ಐದೇ ನಿಮಿಷದಲ್ಲಿ ಆಯಿತು.

ಹುಡುಗರ ವಿಚಾರಣೆ ಬೇರೆ. ‘ನಿಮ್ಮಪ್ಪುಂಗೆ ಗನ್ ಕೊಟ್ಟವ್ರೇನ್ಲಾ?’

‘ಹೂಂ.’

‘ಎಷ್ಟ್ ಜನುನ್ನ ಹೊಡ್ದವ್ರೆ?’

ಅಪ್ಪ ಯುನಿಟ್ಟಿನ ಕ್ಲರ್ಕು. ನನಗೆ ತಿಳಿದಂತೆ ಅವರು ದಿನವಿಡೀ ಹೊಡೆಯುತ್ತಿದ್ದುದು ಟೈಪ್‌ರೈಟರಿನ ಕೀಲಿಗಳನ್ನು. ‘ಅದೆಲ್ಲ ಸೀಕ್ರೆಟ್ಟು’ ಎಂದೆ. ಮಾರನೇ ದಿನದಿಂದ ಗೋಲಿ ಆಟದಲ್ಲಿ ನನ್ನದೇ ಮೊದಲ ಸರದಿ. ಕನ್ನಡದ ಒತ್ತಕ್ಷರ ಸರಿಯಾಗಿ ಬಾರದೆ ಕ್ಲಾಸಿನಲ್ಲಿ ಹೋಗಿದ್ದ ಮಾನ ಗೋಲಿಯಲ್ಲಿ ವಾಪಸು ಬಂತು.

ಎಲ್ಲ ಶಾಲೆಗಳೂ ಒಮ್ಮತಕ್ಕೆ ಬಂದಿದ್ದ ವಿಷಯ ಒಂದೇ. ನನ್ನ ಮುಖವನ್ನೇ ಸರಿಯಾಗಿ ನೋಡಿರದ ಹೆಡ್‌ಮಾಸ್ಟರುಗಳೆಲ್ಲ ಟೀಸಿಯಲ್ಲಿ ‘ನಡತೆ: ಉತ್ತಮ’ ಎಂದು ಬರೆದು ಸೀಲು ಒತ್ತಿ ಕಳಿಸಿದರು. ನಿಜವೇ ಇರಬೇಕು. ಕೆಟ್ಟ ಹೆಸರು ಸಂಪಾದಿಸಲೂ ಒಂದೂರಲ್ಲಿ ನಾಲ್ಕು ವರ್ಷ ಕೂರಬೇಕಾಗುತ್ತದೆ.

ನಿಮ್ಮ ಮಕ್ಕಳ ಕ್ಲಾಸಿಗೆ ನವೆಂಬರಿನಲ್ಲಿ, ಬೇರೆ ಬಣ್ಣದ ಸ್ವೆಟರು ಹಾಕಿಕೊಂಡು ಯಾವನಾದರೂ ಹುಡುಗ ಬಂದರೆ ಅವರಿಗೆ ಒಂದು ಮಾತು ಹೇಳಿಡಿ: ಗಣಿತದಲ್ಲಿ ಯಾವ ಪಾಠ ನಡೆಯುತ್ತಿದೆ ಅಂತ ಅವನಿಗೆ ಮೊದಲು ತಿಳಿಸಲಿ. ಬಂದೂಕಿನ ವಿಚಾರ ಆಮೇಲೆ ಕೇಳಿಕೊಳ್ಳಬಹುದು.